ಮೂರು ದಿನ ಇದ್ದ ಹೆಸರು

ನನಗೆ ಒಂದು ಕಡೆ ಕುಳಿತು ಗೊತ್ತಿಲ್ಲ. “ಈಕಿ ಕಾಲಾಗ ಚಕ್ರ ಐತಿ” ಎಂದು ಅವ್ವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ, ಅರ್ಧ ದೂರು, ಅರ್ಧ ಹೆಮ್ಮೆ. ಓದುವುದು ಲಿಂಗಸುಗೂರಿನಲ್ಲಿ, ಬಿ.ಎಡ್. ಮನೆ ಮಸ್ಕಿಯಲ್ಲಿ. ಜೀವದ ಗೆಳತಿ ಗಂಗಾ ಇರುವುದು ಸಿಂಧನೂರಿನ ಆಚೆ ವಳಕಮದಿನ್ನಿಯಲ್ಲಿ. ಹೀಗಾಗಿ ವಾರದಲ್ಲಿ ನಾಲ್ಕು ದಿನ ನಾನು ಬಸ್ಸಿನಲ್ಲೇ ಇರುತ್ತೇನೆ. ಬಸ್ಸು ನಿಂತರೆ ಸಿಟ್ಟು ಬರುತ್ತದೆ. ಓಡಿದರೆ ಇನ್ನೂ ಜೋರಾಗಿ ಯಾಕೆ ಓಡುವುದಿಲ್ಲ ಎಂದು ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದಕ್ಕೆಲ್ಲ ಮೂಲ ಇದೇ. ನಾನು ಎರಡು ದಿನ ಕುಳಿತು ಯೋಚಿಸುವ ಹುಡುಗಿಯಾಗಿದ್ದರೆ ಈ ಕಥೆ ಇರುತ್ತಲೇ ಇರಲಿಲ್ಲ.

ಬ್ಲಾಗ್ ಹುಟ್ಟಿದ್ದೂ ಸಿಟ್ಟಿನಿಂದಲೇ. ಪಾಠ ಹೇಳುವ ಅಭ್ಯಾಸಕ್ಕೆಂದು ನಮ್ಮನ್ನು ಒಂದು ಹೈಸ್ಕೂಲಿಗೆ ಕಳಿಸಿದ್ದರು. ಒಂಬತ್ತನೇ ತರಗತಿ, ನಲವತ್ತೊಂದು ಮಕ್ಕಳು. ನಿಮ್ಮ ಮನೆತನದ ಹೆಸರುಗಳನ್ನು ಬರೆಯಿರಿ ಎಂದೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಸರಸರ ಗೀಚಿದರು. ಈಗ ಅಜ್ಜಿಯ ಹೆಸರು ಬರೆಯಿರಿ ಎಂದಾಗ ಅರ್ಧಕ್ಕರ್ಧ ಮಕ್ಕಳು ಪೆನ್ನು ಕಚ್ಚುತ್ತ ಕುಳಿತರು. ಒಬ್ಬಳು ಎದ್ದು ನಿಂತು, “ಟೀಚರ್, ನಮ್ಮಜ್ಜಿಗೆ ಅಜ್ಜೀ ಅಂತ ಕರೀತೀವ್ರಿ” ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಮೈ ಉರಿದುಹೋಯಿತು.

ಅವತ್ತು ಸಂಜೆಯೇ ಗಂಗಾಳಿಗೆ ಫೋನ್ ಮಾಡಿದೆ. “ಲೇ ಗಂಗೀ, ನಾವು ಹೆಂಗಸರ ಹೆಸರು ಬರೀಬೇಕು. ನಮ್ಮ ಕಡೀ ಹೆಂಗಸರದು. ಯಾರು, ಎಲ್ಲಿಂದ ಬಂದ್ರು, ಏನು ಮಾಡಿದ್ರು. ಇಂಟರ್ನೆಟ್ಟಿನಾಗ ಹಾಕಿಬಿಡೂಣು. ಯಾರೂ ಅಳಸಾಕ ಬರಬಾರದು.”

“ತಡೀಬೇ” ಎಂದಳು ಗಂಗಾ. ಆಕೆ ಹುಟ್ಟಿದಾಗ ಅಳುವ ಬದಲು ಇದೇ ಮಾತು ಹೇಳಿರಬೇಕು. ಗದ್ದೆ ಕೆಲಸದ ಮನೆಯ ಹುಡುಗಿ. ನಾಟಿಯಾದ ಮೇಲೆ ಕಾಯಬೇಕು, ಕಾಲುವೆಗೆ ನೀರು ಬಿಡುವವರೆಗೆ ಕಾಯಬೇಕು ಎಂದು ಗೊತ್ತಿರುವವಳು. ಆದರೂ ಒಂದೇ ವಾರದಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಬ್ಲಾಗ್ ತೆರೆದೇಬಿಟ್ಟಳು. ಹೆಸರು ಆಕೆಯದೇ: ‘ತವರ ಹೆಸರು’. ನಮ್ಮ ಕಡೆ ಮದುವೆಯಾಗಿ ಹೋದ ಎಷ್ಟೋ ಹೆಂಗಸರಿಗೆ ಗಂಡನ ಮನೆಯಲ್ಲಿ ಬೇರೆ ಹೆಸರಿಡುತ್ತಾರೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಆ ಮುಗಿದ ಹೆಸರುಗಳನ್ನು ಹುಡುಕಿ ಬರೆಯುವುದು ನಮ್ಮ ಕೆಲಸ. ಗಂಗಾ ಒಂದು ನಿಯಮವನ್ನೂ ಮಾಡಿದಳು. ಬರೆದದ್ದನ್ನು ಆ ಹೆಂಗಸಿಗೇ ಓದಿ ಹೇಳಬೇಕು, ಆಕೆ ಹೂಂ ಎಂದ ಮೇಲೆಯೇ ಹಾಕಬೇಕು. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಮೊದಲ ಬರಹ ನಮ್ಮಜ್ಜಿಯದೇ ಆಗಬೇಕೆಂದು ಹಟ ಹಿಡಿದವಳು ನಾನು. ಅಜ್ಜಿ ಗಿರಿಯಮ್ಮ, ನಮ್ಮ ಅವ್ವ ಪಂಪಾವತಿಯ ತಾಯಿ. ಪಾಮನಕಲ್ಲೂರಿನಲ್ಲಿ ನನ್ನ ಸೋದರಮಾವನ ಜೊತೆ ಇದ್ದಾಳೆ. ವಯಸ್ಸು ಎಪ್ಪತ್ತರ ಹತ್ತಿರ, ಒಂದು ಕಣ್ಣಿಗೆ ಪೊರೆ ಬಂದಿದೆ, ಬಾಯಿ ಮಾತ್ರ ಇನ್ನೂ ಹರಿತ. ನಮ್ಮ ಮಸ್ಕಿಯ ಮನೆಯದು ಬೇರೆಯೇ ನಡೆ. ಅಪ್ಪ ಸರಕಾರಿ ನೌಕರ, ಬುದ್ಧನನ್ನು ನಂಬಿದವನು. ದೇವರ ಜಗಲಿ ಇಲ್ಲ, ಹರಕೆ ಇಲ್ಲ, ಗಾಳಿ ಗ್ರಹ ಎಂದರೆ ನಗುತ್ತಾನೆ. ಅವ್ವ ಅಂಗನವಾಡಿ ಟೀಚರ್, ಆಕೆಯೂ ಅದೇ ದಾರಿ ಹಿಡಿದು ಮೂವತ್ತು ವರ್ಷವಾಯಿತು. ಅಜ್ಜಿ ಬಂದರೆ ಗೋಡೆಯ ಮೇಲಿನ ಬುದ್ಧನಿಗೂ ಒಂದು ಕೈ ಮುಗಿದು, ಹಣೆಯ ಭಂಡಾರ ಒರೆಸಿಕೊಳ್ಳದೆ ಅವನ ಕೆಳಗೇ ಕುಳಿತು ಎಲೆ ಅಡಿಕೆ ಜಗಿಯುತ್ತಾಳೆ.

ನಾನು ಹೋದ ದಿನ ಅಜ್ಜಿ ಬೇವಿನ ಗಿಡದ ಕೆಳಗೆ ತೊಗರಿ ಹಸನು ಮಾಡುತ್ತಿದ್ದಳು. ನಡುವೆ ಎಲೆ ಹಾಕಿಕೊಳ್ಳಲು ಸೊಂಟದ ಚಂಚಿ ಬಿಚ್ಚಿದಳು. ಮಡಿಕೆ ಮಡಿಕೆಯಾಗಿ ಹೊಲಿದ ಬಟ್ಟೆಯ ಚೀಲ ಅದು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. ಎಲ್ಲಕ್ಕಿಂತ ಒಳಗಿನ ಮಡಿಕೆಯಿಂದ ಏನೋ ಜಾರಿ ತೊಗರಿಯ ಮೇಲೆ ಬಿತ್ತು. ಹೆಬ್ಬೆರಳಿನ ಉಗುರಿನಷ್ಟಗಲದ ಬೆಳ್ಳಿಯ ತಗಡು. ಅದರ ಮೇಲೆ ಒಂದು ಹೆಣ್ಣಿನ ಮುಖ. ಎರಡು ಕಣ್ಣು, ಮೂಗು, ಹಣೆಗೆ ಒಂದು ಚುಕ್ಕೆ.

“ಇದು ಯಾರಜ್ಜೀ?”

ಅಜ್ಜಿ ಗಬಕ್ಕನೆ ಅದನ್ನು ಮುಷ್ಟಿಯೊಳಗೆ ಸೇರಿಸಿದಳು. ಆಚೆ ಈಚೆ ನೋಡಿದಳು. ಸೊಸೆ ಹೊಲಕ್ಕೆ ಹೋಗಿದ್ದಳು. “ನಿಮ್ಮಜ್ಜನ ಮೊದಲ ಹೇಣ್ತಿ” ಎಂದಳು.

ಗದ್ದೆಪ್ಪಜ್ಜನಿಗೆ ಇನ್ನೊಬ್ಬ ಹೆಂಡತಿ ಇದ್ದಳೆಂಬುದು ನನಗೆ ಗೊತ್ತಾದದ್ದೇ ಆಗ. ಅಜ್ಜಿ ಮೆಲ್ಲಗೆ ಹೇಳಿದಳು. ಹೆಂಡತಿ ಸತ್ತ ಮನೆಗೆ ಬಂದವಳು ಸತ್ತವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ಹಬ್ಬದಲ್ಲಿ ಅದಕ್ಕೆ ಮೊದಲು ಎಡೆ ಹಿಡಿದು ಆಮೇಲೆ ತಾನು ಉಣ್ಣಬೇಕು. ಇಲ್ಲವಾದರೆ ಸತ್ತವಳು ಕಾಡುತ್ತಾಳೆ. ಅಜ್ಜಿಗೆ ಅದರ ಮೇಲೆ ಇನ್ನೊಂದೂ ಬಂದಿತ್ತು. ಸತ್ತವಳ ಹೆಸರು.

“ಆಕಿ ಗಿರಿಯಮ್ಮ. ನಂದು ಹುಲಿಗೆಮ್ಮ. ಸೇರು ಒದ್ದು ಒಳಗ ಬಂದ ದಿನದಿಂದ ನಾನೂ ಗಿರಿಯಮ್ಮ ಆದೆ. ಅವಾಗ ನಿಮ್ಮಜ್ಜ ಕೆನಾಲ್ ಕೆಲಸದ ಕ್ಯಾಂಪಿನಾಗ ಮಣ್ಣು ಹೊರತಿದ್ದ. ಎಪ್ಪತ್ತೆರಡರ ದೊಡ್ಡ ಬರದ ವರ್ಷ. ನನಗ ಹದಿನೇಳು.” ಆಮೇಲೆ, “ಹುಲಿಗೆಮ್ಮ” ಎಂದು ಇನ್ನೊಮ್ಮೆ ಹೇಳಿದಳು, ಸಾರಿಗೆ ಉಪ್ಪು ಸಾಕೇ ಎಂದು ನಾಲಿಗೆ ಮೇಲೆ ನೋಡಿದಂತೆ. “ಯಾರೂ ಹಂಗ ಕರದು ಐವತ್ತು ವರ್ಷ ಆತು ನೋಡು.”

“ಮತ್ತ ಇದನ್ನ ಕೊಳ್ಳಾಗ ಯಾಕ ಹಾಕ್ಕಂಡಿಲ್ಲ?”

“ಹಾಕ್ಕಂಡ್ರ ಊರಿಗೆಲ್ಲ ಗೊತ್ತಾಗತೈತಲ್ಲ.”

ಎರಡನೆಯವಳೆಂಬ ನಾಚಿಕೆಗೆ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಇಂಥದ್ದನ್ನೇ ನಾವು ಹುಡುಕುತ್ತಿದ್ದದ್ದು! ಬೆಳ್ಳಿ ಮುಖದ ಫೋಟೋ ತೆಗೆದೆ, ಅಜ್ಜಿಯದೂ ತೆಗೆದೆ. “ಬರಕಳ್ಳೇನಜ್ಜೀ?” ಎಂದು ಕೇಳಿದೆ.

“ಬರಕ ನಿನ್ನ ಬುಕ್ಕಿನಾಗ. ಆದ್ರ ನಿಮ್ಮವ್ವಗ ಹೇಳಬ್ಯಾಡ.”

ಅವ್ವ ಇಂಥವನ್ನು ಮೂಢನಂಬಿಕೆ ಎಂದು ಬೈಯುತ್ತಾಳೆ, ಅದಕ್ಕೇ ಅಜ್ಜಿ ಅಂಜುತ್ತಿದ್ದಾಳೆ ಎಂದು ನನಗೆ ನಾನೇ ಅರ್ಥ ಮಾಡಿಕೊಂಡೆ. ಆ ಮಾತನ್ನು ನಾನು ತಪ್ಪದೆ ಪಾಲಿಸಿದೆ ಎನ್ನಬೇಕು. ಅವ್ವನಿಗೆ ಹೇಳಲಿಲ್ಲ, ಊರಿಗೆಲ್ಲ ಹೇಳಿದೆ.

ಬರೆದದ್ದು ಒಂದೇ ಉಸಿರಿನಲ್ಲಿ, ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ. ‘ನನ್ನ ಅಜ್ಜಿಯ ಹೆಸರು ಹುಲಿಗೆಮ್ಮ. ಈ ಹೆಸರು ಅವಳ ಮಕ್ಕಳಿಗೂ ಗೊತ್ತಿಲ್ಲ. ಎಪ್ಪತ್ತೆರಡರಲ್ಲಿ ಹದಿನೇಳು ವರ್ಷದ ಈ ಹುಡುಗಿ ಸತ್ತ ಗಿರಿಯಮ್ಮನ ಜಾಗಕ್ಕೆ ಬಂದಳು. ಸತ್ತವಳ ಒಲೆ, ಸತ್ತವಳ ಗಂಡ, ಸತ್ತವಳ ಹೆಸರು. ಸತ್ತವಳ ಬೆಳ್ಳಿ ಮುಖ ಇಂದಿಗೂ ಅವಳ ಚಂಚಿಯ ಒಳ ಮಡಿಕೆಯಲ್ಲಿದೆ. ಅವಳಿಗೆ ತನ್ನದು ಅಂತ ಏನೂ ಇರಲಿಲ್ಲ.’ ಕೊನೆಯ ಸಾಲು ಬರೆದಾಗ ನನ್ನ ಕಣ್ಣಲ್ಲೇ ನೀರು ಬಂತು. ನನ್ನ ಬರಹಕ್ಕೆ ನಾನೇ ಅಳುವಷ್ಟು ಮೆಚ್ಚಿಕೊಂಡಿದ್ದೆ ಎಂದು ಈಗ ನಾಚಿಕೆಯಾಗುತ್ತದೆ.

ಭಾನುವಾರ ಗಂಗಾಳ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಎರಡೂ ಫೋಟೋ ಸೇರಿಸಿ ಆಕೆ ಎರಡು ಸಲ ಓದಿದಳು.

“ತಡೀಬೇ. ನಿಮ್ಮವ್ವ ಹುಟ್ಟಿದ್ದು ಎಪ್ಪತ್ತರಾಗ ಅಲ್ಲೇನು? ಅವತ್ತು ಆಕಿ ಆಧಾರ್ ಕಾರ್ಡ್ ನಾನ ಝೆರಾಕ್ಸ್ ಮಾಡಿಸಿದ್ದೆ.”

“ಜೂನ್ ಒಂದು, ಎಪ್ಪತ್ತು. ಲೇ, ನಿಮ್ಮವ್ವಂದೂ ಜೂನ್ ಒಂದು, ನಿಮ್ಮಪ್ಪಂದೂ ಜೂನ್ ಒಂದು. ಅರ್ಧ ಜಿಲ್ಲಾನ ಜೂನ್ ಒಂದಕ್ಕ ಹುಟ್ಟೈತಿ. ಸಾಲಿ ಮಾಸ್ತರ್ ಬರಕಂಡ ತಾರೀಖು ನಂಬ್ತೀಯೇನು? ಮಾಸ್ತರು ಪಂಪಿಗೆ ಎರಡು ಮೂರು ವರ್ಷ ಹೆಚ್ಚು ಹಾಕ್ಯಾನ ಅಂತ ಅಜ್ಜಿ ಯಾವತ್ತೂ ಬೈತಿರತಾಳ.”

ಗಂಗಾ ನಕ್ಕಳು. ಜೂನ್ ಒಂದರ ಮಾತು ಬಂದರೆ ನಮ್ಮ ಕಡೆ ಯಾರಾದರೂ ನಗುತ್ತಾರೆ, ಮುಂದಕ್ಕೆ ಕೇಳುವುದಿಲ್ಲ. “ಅಜ್ಜಿಗೆ ಓದಿ ಹೇಳಿದೇನು?” ಎಂದಳು.

“ಬರಕ ಅಂದಾಳ” ಎಂದೆ. ಸುಳ್ಳಲ್ಲ. ಖರೆಯೂ ಅಲ್ಲ. ಗಂಗಾ ಇನ್ನೊಂದು ಸಲ ತಡಿ ಎನ್ನುವ ಮೊದಲೇ ಆಕೆಯ ಕೈ ಸರಿಸಿ ನಾನೇ ಗುಂಡಿ ಒತ್ತಿಬಿಟ್ಟೆ.

ಸೋಮವಾರ ಸಂಜೆಗೆ ನಾನೂರು ಜನ ಓದಿದ್ದರು. ನಮ್ಮ ಕಾಲೇಜಿನ ಮೇಡಂ ಒಬ್ಬರು ಅವರಿವರಿಗೆ ಕಳಿಸಿದರು. ನನಗೆ ರಾತ್ರಿ ನಿದ್ದೆ ಇಲ್ಲ, ಊಟ ಬೇಡ, ಐದು ನಿಮಿಷಕ್ಕೊಮ್ಮೆ ಫೋನ್ ತೆಗೆದು ಎಣಿಕೆ ನೋಡುವುದೇ ಕೆಲಸ. ಮಂಗಳವಾರ ಮಧ್ಯಾಹ್ನ ಒಂದೂವರೆಗೆ, ಇನ್ನೂ ತರಗತಿ ನಡೆಯುತ್ತಿದ್ದಾಗ, ಮಾಬುಬೀಯ ಫೋನ್ ಬಂತು. ಮಾಬುಬೀ ಪಾಮನಕಲ್ಲೂರಿನ ಆಶಾ ಕಾರ್ಯಕರ್ತೆ, ಅಜ್ಜಿಯ ಮನೆಯ ಎದುರುಗಡೆಯವಳು.

“ಅನು ಬೇಟಾ, ನೀ ಬರದದ್ದು ನಮ್ಮ ಗ್ರೂಪಿಗೆ ಬಂದಿತ್ತವಾ. ಅಷ್ಟೂದ್ದ ಓದಾಕ ನನಗೆಲ್ಲಿ ಟೈಮು. ಆದ್ರ ಅಜ್ಜಿ ಫೋಟೋ ನೋಡಿ ಖುಷಿ ಆತು. ಮುಂಜಾನೆ ನಿಮ್ಮವ್ವಗೂ ಕಳಿಸಿದೆ. ಈಗ ಅಜ್ಜಿಗೆ ತೋರಿಸಿದ್ರ, ಇದು ಪಂಪಿಗೆ ಹೋಗೈತೇನು ಅಂದ್ಲು. ಹೋಗೈತಿ ಅಂದೆ. ಉಣ್ಣಾಕ ಕುಂತಾಕಿ ತಾಟು ಬಿಟ್ಟು ಎದ್ದು ಮಸ್ಕಿ ಬಸ್ ಹತ್ಯಾಳ ನೋಡು. ಏನಾತವಾ?”

ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಬ್ಯಾಗೆತ್ತಿಕೊಂಡು ತರಗತಿಯಿಂದ ಹಾಗೇ ಎದ್ದು ಬಂದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ಗಂಗಾಳ ಫೋನ್ ಬಂದ್ ಆಗಿತ್ತು. ನನ್ನ ಫೋನಿನಿಂದಲೇ ಬ್ಲಾಗಿಗೆ ಹೋಗೋಣವೆಂದರೆ ಪಾಸ್‌ವರ್ಡ್ ಇದ್ದದ್ದು ಗಂಗಾಳ ಡೈರಿಯಲ್ಲಿ, ಮರೆಯುತ್ತೀ ಬರೆದುಕೋ ಎಂದು ಆಕೆ ಹೇಳಿದಾಗ ನಾನು ನಕ್ಕಿದ್ದೆ. ಕಂಡಕ್ಟರ್ ಎರಡು ಸಲ, “ಕುಂದ್ರವಾ, ಬಸ್ಸಿಗಿಂತ ಮುಂದ ನೀ ಹೋಗಲ್ಲ” ಎಂದ.

ಮಸ್ಕಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅಜ್ಜಿ ಕುಳಿತಿದ್ದಳು. ಮನೆಯ ದಾರಿ ಆಕೆಗೆ ಚೆನ್ನಾಗಿ ಗೊತ್ತು, ಹತ್ತು ನಿಮಿಷದ ನಡಿಗೆ. ಹೋಗಲು ಧೈರ್ಯವಾಗದೆ ಕುಳಿತಿದ್ದಾಳೆಂದು ನೋಡಿದ ಕೂಡಲೇ ತಿಳಿಯಿತು. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

“ಎಲ್ಲಾನೂ ಬರದಿಯೇನ್ಬೇ?”

“ಹೂಂ ಅಜ್ಜಿ. ನೀನ ಬರಕ ಅಂದಿದ್ದಿಯಲ್ಲ.”

“ಬುಕ್ಕಿನಾಗ ಅಂದಿದ್ದೆ.” ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. “ಪಂಪಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲ.”

ಬಸ್ಸುಗಳ ಸದ್ದಿನಲ್ಲಿ ಆಕೆ ಹೇಳುತ್ತ ಹೋದಳು, ಅರ್ಧ ನನಗೆ, ಅರ್ಧ ನೆಲಕ್ಕೆ. ಗಿರಿಯಮ್ಮ ಕ್ಯಾಂಪಿನಲ್ಲಿ ಜ್ವರ ಬಂದು ಸತ್ತಾಗ ಮಗುವಿಗೆ ಎರಡು ವರ್ಷ. ಹೊಸದಾಗಿ ಬಂದವಳ ಸೆರಗು ಹಿಡಿದದ್ದು ಬಿಡಲಿಲ್ಲ. “ಹೆಸರು ಅವರು ಇಟ್ಟ್ರು, ಖರೇ. ಇಟ್ಟಕಂಡಾಕಿ ನಾನು. ನಿಮ್ಮವ್ವ ಗಿರಿಯಮ್ಮ ಸತ್ತಾಳ ಅಂತ ಯಾರೂ ಆ ಕೂಸಿಗೆ ಹೇಳಬಾರದಲ್ಲ. ಗಿರಿಯಮ್ಮ ಇಲ್ಲೇ ಅದೀನಲ್ಲ! ಕ್ಯಾಂಪಿನಾಗ ಇದ್ರ ಯಾರರ ಅಂದಾರು ಅಂತ ನಾನ ನಿಮ್ಮಜ್ಜನ ಬೆನ್ನು ಹತ್ತಿ ಪಾಮನಕಲ್ಲೂರಿಗೆ ಕರಕಂಡು ಬಂದೆ. ಅಲ್ಲಿ ನಮ್ಮನ್ನ ಕಂಡವರು ಯಾರೂ ಇದ್ದಿಲ್ಲ. ಮಲತಾಯಿ ಅನ್ನೋ ಮಾತು ಆಕಿ ಕಿವಿಗೆ ಬೀಳಲಿಲ್ಲ. ಐವತ್ತು ವರ್ಷ ಬೀಳಲಿಲ್ಲ.” ಆಮೇಲೆ ನನ್ನ ಮುಖ ನೋಡಿದಳು. ಅಜ್ಜಿ ಅಂಜಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. “ಈಗ ಆಕಿ ಅವ್ವಾ ಅನ್ನೂದು ಬಿಟ್ಟರ ನಾ ಏನು ಮಾಡಲಿ?”

ಆಗ ನನಗೆ ಜೂನ್ ಒಂದು, ಎಪ್ಪತ್ತು ನೆನಪಾಯಿತು. ಮಾಸ್ತರು ತಪ್ಪು ಬರೆದಿರಲಿಲ್ಲ. ಗದ್ದೆಪ್ಪಜ್ಜ ಸರಿಯಾದ ವರ್ಷವನ್ನೇ ಹೇಳಿದ್ದ. ಅಜ್ಜಿ ಐವತ್ತು ವರ್ಷ ಮಾಸ್ತರನ್ನು ಬೈದು ಬೈದು ಅದನ್ನು ಸುಳ್ಳು ಮಾಡಿದ್ದಳು. ನಾನು ಎಪ್ಪತ್ತೆರಡು ಎಂದು ಬರೆದು ಒಂದೇ ದಿನದಲ್ಲಿ ಖರೆ ಮಾಡಿದ್ದೆ. ಅವ್ವ ಊರಿನ ಮಕ್ಕಳ ಹುಟ್ಟಿದ ತಾರೀಖು ಬರೆದಿಡುವವಳು. ಲೆಕ್ಕ ಆಕೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಮನೆಗೆ ಹೋದಾಗ ಅವ್ವ ಬಾಗಿಲ ಬದಿಯ ಮಂಚದ ಮೇಲೆ ಕುಳಿತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು, ಕೈಯಲ್ಲಿ ಫೋನಿತ್ತು. ಅಂಗನವಾಡಿಯಿಂದ ಬಂದು ಸೀರೆಯನ್ನೂ ಬದಲಿಸಿರಲಿಲ್ಲ. ಅಪ್ಪ ಇನ್ನೂ ಆಫೀಸಿನಲ್ಲಿದ್ದ. ನಮ್ಮಿಬ್ಬರನ್ನು ಬಾಗಿಲಲ್ಲಿ ಕಂಡು ಕನ್ನಡಕ ಸರಿಮಾಡಿಕೊಂಡಳು.

“ಏನವ್ವಾ, ಒಂದು ಫೋನೂ ಮಾಡಲಾರದ ಬಂದಿ?” ಎಂದಳು.

ಅಜ್ಜಿ ಹೊಸ್ತಿಲ ಒಳಗೆ ಬಂದು ಅಲ್ಲೇ ಗೋಡೆಗೊರಗಿದಳು. “ಅನು ನನ್ನ ಮ್ಯಾಲ ಏನೋ ಬರದಾಳಂತಲ್ಲ. ನೀ ಓದಿದೇನು?”

“ಈಗ ತಗದೀನಿ. ಓದಲೇನು, ಕೇಳ್ತೀ?”

ಅಜ್ಜಿ ತಲೆಯಾಡಿಸಿದಳು. ಆಕೆಯ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು, ಬಳೆ ಒಡೆದೀತು ಎನ್ನುವಷ್ಟು ಬಿಗಿಯಾಗಿ. ಅವ್ವ ಫೋನನ್ನು ಮುಖದ ಹತ್ತಿರ ಹಿಡಿದು, ಅಂಗನವಾಡಿ ಮಕ್ಕಳಿಗೆ ಕಥೆ ಓದುವ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಓದತೊಡಗಿದಳು.

“ನನ್ನ ಅಜ್ಜಿಯ ಹೆಸರು ಗಿರಿಯಮ್ಮ. ಆಕೆ ಚಿಕ್ಕ ವಯಸ್ಸಿನಲ್ಲಿಯೇ ಗದ್ದೆಪ್ಪನನ್ನು ಮದುವೆಯಾಗಿ ಕಾಲುವೆ ಕೆಲಸದ ಕ್ಯಾಂಪಿಗೆ ಬಂದಳು. ಅಲ್ಲಿ ಒಂದು ಗುಡಿಸಲಿನಲ್ಲಿ ಆಕೆಯ ಮೊದಲ ಮಗಳು ಪಂಪಾವತಿ ಹುಟ್ಟಿದಳು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಣ್ಣು ಹೊತ್ತಳು. ಮುಂದೆ ಮಗಳನ್ನು ಸಾಲಿಗೆ ಕಳಿಸಬೇಡವೆಂದು ಊರವರು ಅಂದಾಗ, ಒಂದು ಹೊತ್ತು ಉಂಡು ಕಳಿಸಿದಳು. ಆ ಮಗಳು ಟೀಚರ್ ಆದಳು.”

ಇದರಲ್ಲಿ ಒಂದು ಮಾತೂ ನನ್ನದಲ್ಲ. ನಾನು ಅವ್ವನ ಬದಿಗೇ ನಿಂತಿದ್ದೆ. ಎರಡನೇ ಸಾಲಿನ ಹೊತ್ತಿಗೆ ಫೋನಿನ ಬೆಳಕು ಆರಿತ್ತು. ಅವ್ವನ ಬೆರಳು ಆ ಕಪ್ಪು ಗಾಜಿನ ಮೇಲೆ ಮೆಲ್ಲಗೆ ಸರಿಯುತ್ತಲೇ ಇತ್ತು, ಎಲ್ಲೂ ತಡವರಿಸಲಿಲ್ಲ. ಪೊರೆ ಬಂದ ಅಜ್ಜಿಯ ಕಣ್ಣಿಗೆ ಅದು ಕಾಣಲಿಲ್ಲ.

“ಅಷ್ಟೇನಾ?” ಎಂದಳು ಅಜ್ಜಿ.

“ಅಷ್ಟ. ನಿನ್ನ ಫೋಟೋ ಐತಿ.”

ಅಜ್ಜಿಯ ಹಿಡಿತ ಸಡಿಲವಾಯಿತು. ಅಲ್ಲೇ ನೆಲಕ್ಕೆ ಕುಸಿದು ಕುಳಿತು, “ಛಲೋ ಬರದಾಳ ಬಿಡು” ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವ್ವ ಪಕ್ಕದಲ್ಲಿ ಕುಳಿತಳು. “ನನಗೂ ಒಂದು ಎಲಿ ಕೊಡವ್ವಾ” ಎಂದಳು. ಅವ್ವ ಹುಟ್ಟಿದಾಗಿನಿಂದ ಎಲೆ ತಿಂದವಳಲ್ಲ. ಅಜ್ಜಿ ಆಶ್ಚರ್ಯಪಟ್ಟು ಚಂಚಿಯ ಮೇಲಿನ ಮಡಿಕೆ ಮಾತ್ರ ಬಿಚ್ಚಿ, ಒಂದು ಎಲೆ ತೆಗೆದು ಕೊಟ್ಟು ಮತ್ತೆ ಕಟ್ಟಿಕೊಂಡಳು. ಅವ್ವ ಎಲೆ ಹಿಡಿದುಕೊಂಡು ಆ ಚೀಲವನ್ನೇ ನೋಡುತ್ತಿದ್ದಳು.

ಸಂಜೆ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯಲು ಕುಳಿತಾಗ ನಾನು ಒಳಗೆ ಹೋದೆ. ಹೊರಗೆ ಕಟ್ಟೆಯ ಮೇಲೆ ಅಜ್ಜಿ ಪಕ್ಕದ ಮನೆಯವರ ಜೊತೆ ಜೋರಾಗಿ ಮಾತಾಡುತ್ತಿದ್ದಳು. ಅವ್ವ ನನ್ನ ಕಡೆ ತಿರುಗಲಿಲ್ಲ.

“ಅಳಸು” ಎಂದಳು.

“ಅವ್ವಾ, ನನಗ ಗೊತ್ತಿದ್ದಿಲ್ಲ...”

“ಆಕಿಗೆ ತನ್ನದು ಅಂತ ಏನೂ ಇರಲಿಲ್ಲ ಅಂತ ಬರದೀಯಲ್ಲ. ಹಂಗಾರ ನಾ ಯಾರಬೇ?” ರೊಟ್ಟಿ ಬಡಿಯುವ ಕೈ ಒಂದೇ ಸಮ ನಡೆದಿತ್ತು. “ನಾ ಆಕಿದಲ್ಲೇನು? ನಾನೂ ಸತ್ತಾಕಿ ಬಿಟ್ಟುಹೋದ ಗಡಿಗಿ, ಮಡಿಕಿ ಲೆಕ್ಕದಾಗ ಬಂದ್ನೇನು?”

ನಾನು ಹಿಟ್ಟಿನ ಡಬ್ಬಿಯನ್ನು ಆಕೆಯ ಹತ್ತಿರ ಸರಿಸಿದೆ. ಅವ್ವ ಇನ್ನೊಂದು ಉಂಡೆ ತೆಗೆದುಕೊಂಡಳು.

“ನನ್ನ ಮದುವ್ಯಾಗ ಒಬ್ಬಾಕಿ ಮುದುಕಿ ಬಂದಿದ್ಲು, ಕ್ಯಾಂಪಿನ ಕಡಿಯಾಕಿ. ನನ್ನ ಗದ್ದ ಹಿಡದು ಥೇಟ್ ಗಿರಿಯಮ್ಮನ ಮಾರಿ ಅಂತ ಅತ್ಲು. ಗಿರಿಯಮ್ಮ ಬಾಜೂಕ ನಿಂತಾಳ. ಆಕಿ ಮಾರಿಗೂ ನನ್ನ ಮಾರಿಗೂ ಎಲ್ಲಿಂದ ಎಲ್ಲಿಗೆ? ಎಲ್ಲಾರೂ ನಕ್ಕ್ರು. ನಾನೂ ನಕ್ಕೆ. ಅವ್ವ ಒಬ್ಬಾಕಿ ನಗಲಿಲ್ಲ.” ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. “ಇವತ್ತು ತಿಳೀತು.”

“ನಿನಗ ಗೊತ್ತಾಗೈತಿ ಅಂತ ಆಕಿಗೆ ಹೇಳಿಬಿಡಲ್ಲ? ಇಬ್ಬರಿಗೂ ಹಗುರ ಆಗತೈತಿ.”

“ಐವತ್ತು ವರ್ಷ ಹೊತ್ತಾಳ. ಈ ವಯಸ್ಸಿನಾಗ ಇಳಿಸಿಬಿಟ್ರ ಏನು ಹಿಡಕಂಡು ನಿಂದರತಾಳ?”

“ಮತ್ತ ನಿಮ್ಮವ್ವ... ಆ ಗಿರಿಯಮ್ಮ...”

“ನಮ್ಮವ್ವ ಹೊರಗ ಕುಂತಾಳ. ಸಣ್ಣಕ ಮಾತಾಡು.”

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವ್ವ ಅದನ್ನು ತೆಗೆದು ಬದಿಗಿಟ್ಟಳು. ಆಗ ಕಣ್ಣೊರೆಸಿಕೊಂಡಳು, ಹಿಟ್ಟಿನ ಕೈಯಲ್ಲೇ. “ಅನೂ, ಆ ಬೆಳ್ಳಿ ಮಾರಿದು ಒಂದು ಫೋಟೋ ಐತಲ್ಲ. ಅದನ್ನ ಮೊದಲು ನನಗ ಕಳಿಸು. ಆಮ್ಯಾಲ ಅಳಸು.”

ಗಂಗಾಳ ಫೋನ್ ಹತ್ತಿದ್ದು ಏಳು ಗಂಟೆಗೆ. ನಾನು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗುತ್ತಲೇ ಎಲ್ಲ ಹೇಳಿದೆ. ಆಕೆ ತಡಿ ಎನ್ನಲಿಲ್ಲ. ಪೂರ್ತಿ ಕೇಳಿ ಆಮೇಲೆ ಅಂದಳು.

“ಹೆಂಗಸರ ಹೆಸರು ಅಳಸ್ತಾರ ಅಂತ ಸುರು ಮಾಡಿದ್ವಿ. ಮೊದಲು ಅಳಸು ಅನ್ನಾಕಿ ನೀನ.”

“ಅಳಸಬೇ, ನಿನ್ನ ಕಾಲಿಗೆ ಬೀಳ್ತೀನಿ.”

“ಅಳಸ್ತೀನಿ. ಆದ್ರ ಒಂದು ಹೇಳು. ನಿಮ್ಮವ್ವಗ ಅವ್ವ ಉಳದ್ಲು, ಅಜ್ಜಿಗೆ ಮಗಳು ಉಳದ್ಲು. ಹುಲಿಗೆಮ್ಮ ಎಲ್ಲಿಗೆ ಹೋಗಬೇಕು?”

ಎರಡು ನಿಮಿಷದಲ್ಲಿ ಫೋನ್ ತೆಗೆದು ನೋಡಿದೆ. ಬರಹವಿದ್ದ ಜಾಗ ಖಾಲಿಯಾಗಿತ್ತು. ಭಾನುವಾರದಿಂದ ಮಂಗಳವಾರದವರೆಗೆ, ಮೂರು ದಿನ ಇದ್ದ ಹೆಸರು. ಮಾಬುಬೀಗೂ ಹೇಳಿ ಕಳಿಸಿದ್ದನ್ನೆಲ್ಲ ತೆಗೆಸಿದೆ. ಹಗುರವಾಗಬೇಕಿತ್ತು, ಆಗಲಿಲ್ಲ. ಏನೋ ಕದ್ದು ಬಚ್ಚಿಟ್ಟವರ ಹಾಗೆ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ಬೆಳಿಗ್ಗೆ ಅಜ್ಜಿಯನ್ನು ಬಸ್ಸಿಗೆ ಹತ್ತಿಸಲು ಅವ್ವನೂ ನಾನೂ ಹೋದೆವು. ಅಜ್ಜಿ ಗೆಲುವಾಗಿದ್ದಳು, ದಾರಿಯುದ್ದಕ್ಕೂ ಸೊಸೆಯ ಮೇಲೆ ದೂರು ಹೇಳಿದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವ್ವ ಬಾಳೆಹಣ್ಣು ತರಲು ಹೋದಾಗ ಅಜ್ಜಿ ಕಿಟಕಿಯಿಂದ ಬಗ್ಗಿ ನನ್ನನ್ನು ಹತ್ತಿರ ಕರೆದಳು.

“ನಿನ್ನೆ ನಿಮ್ಮವ್ವ ಓದಿದ್ಲಲ್ಲ. ಅದರಾಗ ಹುಲಿಗೆಮ್ಮ ಅನ್ನೂದು ಬರಲಿಲ್ಲ.”

“ಇಲ್ಲಜ್ಜೀ. ಬರೀಲಿಲ್ಲ.”

“ಎಲ್ಲಾನೂ ಬರದೀನಿ ಅಂದಿದ್ದಿ ಮತ್ತ, ಇಲ್ಲೇ ಬಸ್‌ಸ್ಟ್ಯಾಂಡಿನಾಗ?”

“ಸುಮ್ನ ಅಂದಿದ್ದೆ. ಎಲ್ಲೂ ಬರದಿಲ್ಲ.”

“ಛಲೋ ಆತು ಬಿಡು” ಎಂದಳು. ಸೆರಗು ಸರಿಮಾಡಿಕೊಂಡಳು. ಮುಂದಿನ ಸೀಟಿನ ಕಂಬಿಯನ್ನು ಬೆರಳಿನಿಂದ ಸವರಿದಳು. “ನನಗೇನು ಓದಾಕ ಬರತಿತ್ತಾ? ಆದ್ರೂ ನೀ ಬರದಿದ್ದಿ ಅಂದ್ರ ಮಾಬುಬೀಗೆ ಕೇಳಿ, ಎಲ್ಲೈತಿ ತೋರಿಸು ಅಂತ ಬಟ್ಟು ಇಟ್ಟು ನೋಡತಿದ್ದೆ. ಹೆಂಗ ಕಾಣತೈತಿ ಅಂತ.”

ಅಷ್ಟರಲ್ಲಿ ಅವ್ವ ಬಂದು ಬಾಳೆಹಣ್ಣಿನ ಚೀಲವನ್ನು ಕಿಟಕಿಯೊಳಗೆ ತೂರಿಸಿದಳು. “ಮುಟ್ಟಿದ ಮ್ಯಾಲ ಮಾಬುಬೀ ಕಡಿಂದ ಒಂದು ಫೋನ್ ಮಾಡಸವ್ವಾ” ಎಂದಳು. ಅಜ್ಜಿ ಹೂಂ ಎಂದಳು. ಬಸ್ಸು ಹೊರಟಿತು. ಅವ್ವ ಕೈ ಬೀಸುತ್ತ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಆ ಹೆಸರು ನನ್ನ ಬಾಯಿಯ ತನಕ ಬಂದಿತ್ತು. ಕೂಗಲಿಲ್ಲ.